ನಾವು ಹೊತ್ತು ಹಾಕಿದ ಹೊಳಿದಂಡಿ

ಹೊಳಿದೇನ ತಪ್ಪಿಲ್ಲ ಬಿಡ್ರಿ, ಎಲ್ಲಾನೂ ಹೊಳಿ ಮ್ಯಾಲೆ ಹಾಕಬ್ಯಾಡ್ರಿ. ನೀವು ಸಾಲ್ಯಾಗ ಬರೀತೀರಿ, ಹೊಳಿ ಬಂದು ಊರು ಮುಳುಗಿತು ಅಂತ, ಮಾಸ್ತರು ಚಲೋ ಬರದಿ ಅಂತ ಗೀಟ ಹಾಕ್ತಾರ. ಹೊಳಿ ತಾನಾಗೇ ಎದ್ದ ನಮ್ಮ ಅಡಗಿಮನಿಗೆ ಯಾಕ ಬರ್ತೈತಿ? ಹಾದಿ ಮಾಡಿಕೊಟ್ರ ಬರ್ತೈತಿ. ಆ ಹಾದಿ ಮಾಡಿದಾಕಿ ನಾನು. ನಾ ಒಬ್ಬಾಕಿನ ಅಲ್ಲ, ಖರೆ, ಆದ್ರ ನಾನೂ ಮಾಡೇನಿ. ಪೂಜಾ, ನೀ ಕೇಳಿದಿ ಅಂತ ಹೇಳಾಕತ್ತೇನಿ, ನಡುವ ಎದ್ದ ಹೋಗಬ್ಯಾಡ. ನಿಮ್ಮವ್ವಗ ಈ ಮಾತ ತಗದ್ರ ಸೇರೂದಿಲ್ಲ, ಒಳಗ ರೊಟ್ಟಿ ಬಡ್ಯಾಕತ್ತಾಳ, ಹಗೂರಕ ಹೇಳ್ತೇನಿ.

ಈಗ ನಾವಿರೂದು ಈ ಕಲ್ಲ ಗುಡ್ಡದ ಪ್ಲಾಟಿನ್ಯಾಗ. ಆಗ ನಮ್ಮ ಕೇರಿ ಹೊಳಿ ಬಾಜೂಕಿತ್ತು. ಊರ ಹೆಸರ ಬ್ಯಾಡ, ಅಲ್ಲಿ ಇನ್ನೂ ಮಂದಿ ಅದಾರ. ಗೋಕಾಕ ಸಂತಿಗೂ ಹೋಗಾಕ ಬರ್ತಿತ್ತು, ಹುಕ್ಕೇರಿ ಸಂತಿಗೂ ಹೋಗಾಕ ಬರ್ತಿತ್ತು, ಅಷ್ಟ ತಿಳಕೊಂಡ್ರ ಸಾಕು. ನಾ ಮಮದಾಪುರದಾಗ ಹುಟ್ಟಿದಾಕಿ, ಹೊಲದಾಗ ದುಡಿಯೂ ಮಂದಿ ನಾವು, ಹೊಳಿ ಸಪ್ಪಳ ಕೇಳಿಕೋಂತ ಮಲಗಿದ ರೂಢಿ ಇರಲಿಲ್ಲ. ಲಗ್ನಾಗಿ ಬಂದ ಹೊಸದಾಗ ಬಾಜೂ ಮನಿ ಬಾಳವ್ವತ್ತಿಗೆ ಕೇಳಿದ್ನಿ, ‘ಅತ್ತಿ, ಮ್ಯಾಲಿನ ಓಣಿ ಮಂದಿ ಎಲ್ಲಾ ದಿಬ್ಬದ ಮ್ಯಾಲ ಅದಾರ, ನಾವಷ್ಟ ಯಾಕ ಈ ತಗ್ಗಿನ್ಯಾಗ ಅದೇವಿ?’ ಅಂತ. ಬಾಳವ್ವತ್ತಿ ಅಂದ್ರ ನಮ್ಮ ಬಳಗದಾಕಿ ಅಲ್ಲ, ಕೇರಿಗೆಲ್ಲಾ ಹಿರ್ಯಾಕಿ, ಗಂಡಿಲ್ಲ, ಮಕ್ಕಳಿಲ್ಲ, ಯಾರ ಮನ್ಯಾಗ ಕೂಸ ಹುಟ್ಟಿದ್ರೂ ಹೊಕ್ಕಳ ಬಳ್ಳಿ ಕೊಯ್ಯಾಕ ಆಕೀನ ಬೇಕು. ನಿಮ್ಮವ್ವನ್ನ ಎತ್ತಿಕೊಂಡಾಕೀನೂ ಆಕೀನ. ಆಕಿ ನಕ್ಕಳು. ‘ಎಲ್ಲಾರೂ ತಗೊಂಡ ಮ್ಯಾಲ ಉಳದ ನೆಲಾ ನಮಗ ಬಂತವ್ವಾ. ಹೆದರಬ್ಯಾಡ, ದಂಡಿ ಐತಿ’ ಅಂದ್ಲು.

ದಂಡಿ ಅಂದ್ರ ಎಂಥಾ ದಂಡಿ ಅಂತೀರಿ. ನಮ್ಮ ಕೇರಿಗೂ ಹೊಳಿಗೂ ನಡುವ ಎರಡಾಳ ಎತ್ತರ ಮಣ್ಣಿನ ಗ್ವಾಡಿ ಇದ್ದಂಗ. ಮ್ಯಾಲ ಒಂದ ಗಾಡಿ ಹೋಗೂವಷ್ಟ ಅಗಲ, ಅಲ್ಲ ಅಲ್ಲ, ಎರಡ ಗಾಡಿ ಎದುರಾಬದುರಾ ಹೋಗೂವಷ್ಟ ಅಗಲ. ಜಾಲಿಗಿಡಾ, ಬೇವಿನಗಿಡಾ, ಅವುಗಳ ಬೇರ ಮಣ್ಣ ಹಿಡಕೊಂಡ ನಿಂತಿದ್ವು. ಮಳಿಗಾಲದಾಗ ಹೊಳಿ ಆಚಿ ಕಡೆ ಬುಸ್ ಅಂತಿತ್ತು, ನಾವು ಈಚಿ ಕಡೆ ಒಲಿ ಮುಂದ ಕುಂತ ಗೊಂಜಾಳ ತೆನಿ ಸುಟ್ಟ ತಿಂತಿದ್ವಿ. ಅಷ್ಟ ಧೈರ್ಯ ನಮಗ.

ಆಮ್ಯಾಲ ಇಟ್ಟಂಗಿ ಭಟ್ಟಿ ಬಂತು. ಮೂಡಲಗಿ ಕಡೆ, ಗೋಕಾಕ ಕಡೆ, ಎಲ್ಲಿ ನೋಡಿದ್ರೂ ಮಂದಿ ಮಣ್ಣಿನ ಮನಿ ಕೆಡವಿ ಇಟ್ಟಂಗಿ ಮನಿ ಕಟ್ಟಾಕ ಹತ್ತಿದ್ರು. ಮ್ಯಾಲಿನ ಓಣಿ ಸಾವಕಾರ್ರು ದಿಬ್ಬದ ಮ್ಯಾಲ ತಮ್ಮ ಹೊಲದಾಗ ಭಟ್ಟಿ ಹಾಕಿದ್ರು. ಆದ್ರ ಇಟ್ಟಂಗಿಗೆ ಮಣ್ಣ ಬೇಕಲ್ಲ. ಹೊಲದ ಮ್ಯಾಲಿನ ಮಣ್ಣ ಯಾವ ರೈತ ಕೊಡ್ತಾನ? ಅನ್ನಾ ಕೊಡೂ ಮಣ್ಣದು. ಅವರ ಕಣ್ಣ ದಂಡಿ ಮ್ಯಾಲ ಬಿತ್ತು. ಅದು ಸರಕಾರದ್ದು. ಸರಕಾರದ್ದು ಅಂದ್ರ ಯಾರದೂ ಅಲ್ಲ ಅಂತ ತಿಳಕೊಂಡ್ರು. ಅದರ ನೆಳ್ಳಾಗ ಬಾಳೇವು ಮಾಡಾವ್ರನ್ನ ಯಾರೂ ಕೇಳಲಿಲ್ಲ. ನಾವೂ ಬ್ಯಾಡ ಅನ್ನಲಿಲ್ಲ, ಅದನ್ನೂ ಹೇಳಬೇಕ ನಾ. ಯಾಕಂದ್ರ ಅದಕ್ಕಿಂತ ಮೊದ್ಲ ನಾವು ಕಬ್ಬ ಕಡ್ಯಾಕ ದೂರ ದೂರ ಹೋಗ್ತಿದ್ವಿ, ಕೂಸ ಕಟಗೊಂಡು, ಗುಡಸಲದಾಗ ಮಲಗಿ, ಹಾವು ಚೇಳು ಅನ್ನದಂಗ. ಈಗ ಮನಿ ಹಿಂದನ ಕೆಲಸ. ಮುಂಜಾನಿ ಮಕ್ಕಳನ್ನ ಸಾಲಿಗೆ ಕಳಿಸಿ ಬುಟ್ಟಿ ಹಿಡದ್ರ, ಸಂಜಿಗೆ ಮಕ್ಕಳು ಬರೂದರಾಗ ಮನ್ಯಾಗ. ಸಾವಕಾರ್ರು ಕೆಟ್ಟ ಮಾತಾಡಾವ್ರೂ ಅಲ್ಲ. ನಿಮ್ಮಜ್ಜ ಯಲ್ಲಪ್ಪಗ ಒಮ್ಮಿ ಹೊಟ್ಟಿ ಬ್ಯಾನಿ ಎದ್ದಾಗ ತಮ್ಮ ಜೀಪಿನ್ಯಾಗ ದವಾಖಾನಿಗೆ ಒಯ್ದಾವ್ರು ಅವರ. ಅದಕ್ಕನ ಕಠಿಣ ಆಗೂದು ನೋಡ್ರಿ. ಪೂರಾ ಕೆಟ್ಟಾವ ಇದ್ರ ಬೈದ ಬಿಡಬಹುದು.

‘ಕಮಲವ್ವ, ನಿನ್ನ ಕೈ ಚುರುಕೈತಿ, ಹೆಣಮಕ್ಕಳನ್ನ ನೀನ ಕರಕೊಂಡ ಬಾ’ ಅಂದ್ರು ನನಗ. ನಾ ಮನಿ ಮನಿ ತಿರಗ್ಯಾಡಿ ಕರದ್ನಿ. ಎದುರ ಮನಿ ಸುಂದ್ರವ್ವ, ನನ್ನ ಜೀವದ ಗೆಳತಿ, ಆಕಿ ಮೊದ್ಲ ಬರೂದಿಲ್ಲ ಅಂದಿದ್ಲು. ‘ದಂಡಿಗೆ ಗುದ್ದಲಿ ಹಾಕಿದ್ರ ಚಲೋ ಆಗ್ತೈತೇನ?’ ಅಂದ್ಲು. ನಾನ, ಈ ಬಾಯಿಲೆ, ‘ಹುಚ್ಚಿ ಅದಿಯೇನ, ಇಷ್ಟ ಮಣ್ಣ ನಮ್ಮ ಬುಟ್ಟಿಲೆ ತೀರತೈತೇನ’ ಅಂದ್ನಿ. ತೀರತೈತಿ. ಬುಟ್ಟಿ ಸಣ್ಣದು ಅಂತ ಯಾವಾಗೂ ತಿಳಕೋಬ್ಯಾಡ್ರಿ. ಮೂರ ಬ್ಯಾಸಗಿ ಹೊತ್ತೇವಿ. ಜಾಲಿಗಿಡಾ ಕಡದ್ರು, ಬೇವಿನಗಿಡಾ ಕಡದ್ರು, ಎರಡಾಳ ಇದ್ದದ್ದು ಒಂದಾಳ ಆತು, ಆಮ್ಯಾಲ ಎದಿಮಟಾ, ಆಮ್ಯಾಲ ಮೊಣಕಾಲಮಟಾ. ದಿನಾ ನೋಡೂ ಕಣ್ಣಿಗೆ ಕಡಿಮಿ ಆಗಿದ್ದ ಕಾಣೂದಿಲ್ಲವಾ. ಒಮ್ಮಿ ಹಬ್ಬಕ್ಕ ತವರಮನಿಗೆ ಹೋಗಿ ಬಂದ ಹಿತ್ತಲ ಬಾಗಲಾ ತಗದ್ರ, ಎದುರಿಗೆ ಹೊಳಿ ಕಾಣಾಕ ಹತ್ತಿತ್ತು. ನನ್ನ ಹಿತ್ತಲದಿಂದ ಎಂದೂ ಹೊಳಿ ಕಂಡಿರಲಿಲ್ಲ. ಬಿಸಲಾಗ ಫಳಫಳ ಹೊಳಿಯಾಕತ್ತಿತ್ತು, ನನ್ನ ಕಡೆ ನೋಡಿದಂಗ ಆತು. ಬಾಗಲಾ ಹಾಕಿ ಚಿಲಕಾ ಹಾಕಿದ್ನಿ. ಯಾಕ ಹಾಕಿದ್ನಿ ಅಂತ ಈಗೂ ಗೊತ್ತಿಲ್ಲ.

ಅಲ್ಲಿಂದ ಒಂದೊಂದ ಕಾಣಾಕ ಹತ್ತಿದ್ವು. ಕೇರಿ ಬಾವಿ ನೀರು ಮಳಿ ಇಲ್ಲದ ಕೆಂಪಾತು. ಸೋಸಿ ಕುಡದ್ರೂ ಹಲ್ಲಿಗೆ ಮಣ್ಣ ತಾಗೂದು. ಮುಂಜಾನಿ ಎದ್ದ ಒಲ್ಯಾಗಿನ ಬೂದಿ ತಗ್ಯಾಕ ಹೋದ್ರ ಬೂದಿ ಹಸಿ. ರಾತ್ರಿ ಬೆಂಕಿ ಇದ್ದ ಒಲಿ, ಮ್ಯಾಲ ಹಂಚ ಸೋರಿಲ್ಲ, ಬೂದಿ ಯಾಕ ಹಸಿ ಆಗ್ತೈತಿ? ಕೆಳಗಿಂದ ಏರಾಕತ್ತಿತ್ತು ನೀರು. ಆಮ್ಯಾಲ ಬಾಳವ್ವತ್ತಿ ಹಿತ್ತಲದಾಗ ನೆಲಾ ಬಿರಕ ಬಿಟ್ಟಿತು. ಮೊದ್ಲ ಕೂದಲೆಳಿ ಅಷ್ಟ. ನಾ ಒಂದ ಜ್ವಾಳದ ದಂಟ ತಂದ ಅದರಾಗ ಇಳಿ ಬಿಟ್ಟ ನೋಡಿದ್ನಿ, ಮೊಳಕೈ ಮಟಾ ಹೋತು. ಹದಿನೈದ ದಿನಾ ಬಿಟ್ಟ ನೋಡಿದ್ರ ಪೂರಾ ದಂಟ ಹೋತು, ಕೈ ಬಿಟ್ನಿ, ಕೆಳಗ ಬಿದ್ದ ಸಪ್ಪಳಾನೂ ಬರಲಿಲ್ಲ. ಬಾಳವ್ವತ್ತಿ ಬಾಗಲಾಗ ಕುಂತ ನೋಡಾಕತ್ತಿದ್ಲು. ‘ಕಮಲಾ, ನೆಲಾ ಬಾಯಿ ತಗದೈತಿ’ ಅಂದ್ಲು. ಅಷ್ಟ ಅಂದ್ಲು, ಬೈಲಿಲ್ಲ ನನ್ನ. ಬೈದಿದ್ರ ಚಲೋ ಇತ್ತು.

ಮರುದಿನ ಸಾವಕಾರ್ರ ಕಡೆ ಹೋದ್ನಿ. ‘ಸಾವಕಾರ್ರ, ದಂಡಿ ಸಾಕ ಮಾಡ್ರಿ, ಮನಿ ನೆಲಾ ಸೀಳಾಕತ್ತೈತಿ’ ಅಂದ್ನಿ. ಅವರು ಚಾ ಕುಡ್ಯಾಕತ್ತಿದ್ರು, ನನಗೂ ಕೊಡಸಿದ್ರು, ನನ್ನ ಬಟ್ಟಲಾ ಬ್ಯಾರೆ ಇರತಿತ್ತು, ಅದು ಬ್ಯಾರೆ ಕಥಿ. ‘ಕಮಲವ್ವ, ನಮ್ಮಜ್ಜನ ಕಾಲದಿಂದ ಹೊಳಿ ಊರಾಗ ಬಂದಿಲ್ಲ. ಈಗ್ಯಾಕ ಬರ್ತೈತಿ? ನಿನಗ ಆಗೂದಿಲ್ಲಂದ್ರ ಬಿಡು, ಸಿಟ್ಟಿಲ್ಲ. ನಾ ಜೆಸಿಬಿ ತರಸ್ತೇನಿ. ಆದ್ರ ಕೇರಿ ಹೆಣಮಕ್ಕಳ ಕೂಲಿ ಹೋತು ಅಂತ ನನಗ ಹೇಳಾಕ ಬರಬ್ಯಾಡ’ ಅಂದ್ರು. ಭಾಳ ಸಮಾಧಾನದಿಂದ ಅಂದ್ರು. ನಾ ಚಾ ಅಲ್ಲೇ ಇಟ್ಟ ಬಂದ್ನಿ.

ಆಮ್ಯಾಲ ಊರ ಹೊಲಾ ಮನಿ ಲೆಕ್ಕಾ ಬರ್ಯೂ ತಲಾಟಿ ಕಡೆ. ನಿಮ್ಮವ್ವ ಸುಜಾತಾ ಆಗ ಹತ್ತನೇತ್ತಾ, ಆಕಿ ಕಡಿಂದ ಅರ್ಜಿ ಬರಸಿದ್ನಿ. ತಲಾಟಿ ದೊಡ್ಡ ನಕಾಶೆ ಹಾಸಿ ಬಟ್ಟ ಇಟ್ಟ ತೋರಸಿದ, ‘ಇಲ್ಲಿ ನೋಡವಾ, ಇದು ಹೊಳಿ, ಇದು ದಂಡಿ, ಇದು ನಿಮ್ಮ ಕೇರಿ. ದಂಡಿ ಇದ್ದಲ್ಲೇ ಐತೆಲ್ಲಾ’ ಅಂದ. ‘ಸಾಹೇಬ್ರ, ಕಾಗದದಾಗ ಐತ್ರಿ, ನೆಲದ ಮ್ಯಾಲ ಇಲ್ರಿ. ಒಂದ ಸಲಾ ಬಂದ ನೋಡ್ರಿ’ ಅಂದ್ನಿ. ‘ಬರ್ತೇನಿ, ಬರ್ತೇನಿ’ ಅಂದ. ಮುಂದ ಮ್ಯಾಲಿನ ಕಚೇರಿಗೆ ಮೂರ ಸಲಾ ಹೋದ್ನಿ. ಒಮ್ಮಿ ಸಾಹೇಬ್ರು ಇಲ್ಲ, ಒಮ್ಮಿ ಅರ್ಜಿ ಸಿಗವಲ್ಲದು, ಒಮ್ಮಿ ಪಂಚಾಯ್ತಿ ಸಹಿ ಇಲ್ಲ. ಪಂಚಾಯ್ತ್ಯಾಗ ಯಾರ ಕುಂತಿದ್ರು? ಸಾವಕಾರ್ರ ತಮ್ಮ.

ನಾ ಬುಟ್ಟಿ ಬಿಟ್ನಿ. ನಾ ಒಬ್ಬಾಕಿ ಬಿಟ್ರ ಏನಾಗ್ತೈತಿ, ಉಳದಾವ್ರು ಹೊರಾಕತ್ತಿದ್ರು. ‘ನೀವೂ ಬಿಡ್ರೇ’ ಅಂತ ಹೇಳಿದ್ದಕ್ಕ ಸುಂದ್ರವ್ವ ನನ್ನ ಮನಿ ಮುಂದ ಬಂದ ನಿಂತ್ಲು. ‘ಅವತ್ತ ನಾ ಬ್ಯಾಡ ಅಂದಾಗ ಎಳಕೊಂಡ ಹೋದಾಕಿ ನೀನ. ಇವತ್ತ ಬಿಡ ಅನ್ನಾಕೀನೂ ನೀನ. ನನ್ನ ಮನ್ಯಾಗ ನಾಕ ಬಾಯಿ ಅದಾವು, ಅವಕ್ಕ ನಿನ್ನ ಮಾತ ಉಣಸ್ಲೇನ?’ ಅಂದ್ಲು. ನಿಮ್ಮಜ್ಜನೂ, ‘ಸುಮ್ಕಿರ, ಎಲ್ಲಾರ ಕೂಲಿ ಕಳೀಬ್ಯಾಡ’ ಅಂದ. ಅವತ್ತಿಂದ ಬಾವಿ ಕಟ್ಟಿಗೆ ನಾ ಹೋದ್ರ ಹೆಣಮಕ್ಕಳು ಮಾತ ನಿಲ್ಲಸ್ತಿದ್ರು. ಕೆಂಪ ನೀರ ಸೇದ್ತಿದ್ರು, ನನ್ನ ಮಾರಿ ನೋಡ್ತಿದ್ದಿಲ್ಲ. ಸಾವಕಾರ್ರಿಗೆ ಅಷ್ಟ ಸಾಕಾತು. ನಮ್ಮ ನಮ್ಮಾಗ ಮಾತ ಬಿಟ್ಟ ಮ್ಯಾಲ ಜೆಸಿಬಿ ತಂದ್ರು, ಎಲ್ಲಾರನ್ನೂ ಬಿಡಿಸಿದ್ರು. ನಾವು ಮೂರ ಬ್ಯಾಸಗಿ ಹೊತ್ತ ಮ್ಯಾಲ ಉಳದದ್ದನ್ನ ಅದು ಇಪ್ಪತ್ತ ದಿನದಾಗ ತಿಂತು. ಮಣ್ಣ ಎತ್ತಿದಲ್ಲಿ ತಗ್ಗ ಬಿತ್ತು. ಹೊಳಿ ತಳಕಿಂತ ನಮ್ಮ ತಗ್ಗ ಕೆಳಗ ಅನಸ್ತಿತ್ತು ನಿಂತ ನೋಡಿದ್ರ.

ಆ ವರ್ಷ ಮಳಿ ಬಿಡಲೇ ಇಲ್ಲ. ಮ್ಯಾಲ ಘಟ್ಟದಾಗ ಸುರದು, ಡ್ಯಾಂ ತುಂಬಿ, ನೀರ ಬಿಡ್ತಾರ ಅಂತ ಸುದ್ದಿ. ಮ್ಯಾಲಿನ ಓಣ್ಯಾಗ ಫೋನ ಇದ್ವು, ಅವರಿಗೆ ಮುಂಜಾನಿನ ಗೊತ್ತಾಗಿತ್ತು. ಟ್ರ್ಯಾಕ್ಟರದಾಗ ಕಾಳಿನ ಚೀಲಾ ಹೇರ್ಯಾರ, ದನಾ ಹೊಡಕೊಂಡ ಹೋಗ್ಯಾರ. ನಮಗ ಯಾರೂ ಹೇಳಲಿಲ್ಲ. ಬೇಕಂತನ ಹೇಳಲಿಲ್ಲ ಅಂತ ನಾ ಅನ್ನೂದಿಲ್ಲ, ನೆನಪ ಆಗಲಿಲ್ಲ ಅವರಿಗೆ. ನೆನಪ ಆಗದಿರೂದು ಬೈಗಳಕ್ಕಿಂತ ಕೆಟ್ಟದ್ದು, ತಿಳೀತೇನ. ಮಧ್ಯಾಹ್ನ ಊಟದ ಹೊತ್ತು. ನಾ ಸಾರಿಗೆ ಒಗ್ಗರಣಿ ಹಾಕಾಕತ್ತಿದ್ನಿ. ಮಳಿ ನೋಡಿ ನಾವೆಲ್ಲಾ, ನೀರ ಬಂದ್ರ ಅಗಸಿ ಕಡಿಂದ, ಸೇತುವಿ ಕಡಿಂದ ಬರ್ತೈತಿ ಅಂತ ಆ ಕಡೇನ ನೋಡಾಕತ್ತಿದ್ವಿ. ಹಿಂದಿಂದ ಬಂತು. ಸಪ್ಪಳಿಲ್ಲ. ಹಿತ್ತಲ ಬಾಗಲಾ ಕೆಳಗಿಂದ ಒಂದ ಎಳಿ, ಹಾವ ಬಂದಂಗ. ಬಾಗಲಾ ತಗದ ನೋಡಿದ್ರ, ನಾವು ಬುಟ್ಟಿ ಹೊತ್ತ ತಿರಗ್ಯಾಡಿದ ಕಾಲ ಹಾದಿ ಇತ್ತಲ್ಲ, ಅದನ್ನ ಹಿಡದ ಬರಾಕತ್ತಿತ್ತು. ನಾ ಎಲ್ಲಿ ತಿರಗತಿದ್ನಿ ಅಲ್ಲೇ ತಿರಗಿ, ಎಲ್ಲಿ ಇಳೀತಿದ್ನಿ ಅಲ್ಲೇ ಇಳದು.

ಸುಜಾತಾನ ಕೈ ಹಿಡದ ಓಣ್ಯಾಗ ಓಡಿದ್ನಿ, ಪ್ರತಿ ಬಾಗಲಾ ಬಡದ್ನಿ. ‘ಬರ್ರಿ, ಇದ್ದದ್ದು ಇದ್ದಂಗ ಬಿಟ್ಟ ಬರ್ರಿ’ ಅಂತ. ಬಾಳವ್ವತ್ತಿ ಬಾಗಲಾಗೂ ಕೂಗಿದ್ನಿ. ‘ಓ, ಬಂದ್ನಿ ಕಮಲಾ, ನಡಿ ನೀ’ ಅಂದ್ಲು ಒಳಗಿಂದ. ಆ ಮಾತ ನಂಬಿ ನಾ ಮುಂದ ಹೋದ್ನಿ. ಮೊಣಕಾಲ ನೀರಾಗ ಎಲ್ಲಾರೂ ದಿಬ್ಬ ಹತ್ತಿ ಸಮುದಾಯ ಭವನಕ್ಕ ಹೋದ್ರ ಕೀಲಿ. ಕೀಲಿ ಯಾರ ಕಡೆ ಐತಿ ಅಂದ್ರ ಇವರು ಅವರ ಕಡೆ ಅಂತಾರ, ಅವರು ಇವರ ಕಡೆ ಅಂತಾರ. ಸಾಲಿಗೆ ಹೋದ್ರ ಅಲ್ಲಿ ಮ್ಯಾಲಿನ ಓಣಿ ದನಾ ಕಟ್ಟ್ಯಾರ. ‘ದನಾ ಹೊರಗ ಕಟ್ರೆಪಾ, ಕೂಸುಗೋಳ ಅದಾವು’ ಅಂದ್ವಿ. ಒಬ್ಬಾವ ಮಾರಿ ಆ ಕಡೆ ತಿರಿವಿ ‘ಅವಕ್ಕೂ ಜೀವ ಐತಲ್ಲ’ ಅಂದ. ನಾವು ಅಲ್ಲಿ ವಾದಾ ಮಾಡಲಿಲ್ಲ, ಹೊತ್ತಿರಲಿಲ್ಲ. ಭಟ್ಟಿಗೆ ಹೋದ್ವಿ. ಸುಟ್ಟ ಇಟ್ಟಂಗಿ ಸಾಲಾಗಿ ಒಟ್ಟಿದ್ರು, ಆಳೆತ್ತರ. ಅವುಗಳ ಮ್ಯಾಲ ಹತ್ತಿದ್ವಿ. ಇಡೀ ಕೇರಿ, ಮುದುಕರು, ಬಾಣಂತೇರು, ಕುರಿಮರಿ, ಎಲ್ಲಾ. ಮಳಿ ಬಡ್ಯಾಕತ್ತಿತ್ತು. ಸುಂದ್ರವ್ವ ಕಾಲ ಬುಡಕಿನ ಇಟ್ಟಂಗಿ ಮುಟ್ಟಿ ನೋಡಿದ್ಲು, ‘ಕಮಲಾ, ಇದು ನಮ್ಮ ದಂಡಿ’ ಅಂದ್ಲು. ಒಂದ ವರ್ಷದ ಮ್ಯಾಲ ಆಕಿ ನನ್ನ ಕೂಡ ಆಡಿದ ಮೊದಲ ಮಾತ ಅದು.

ಅಲ್ಲೇ ಕುಂತ ತಲಿ ಎಣಿಸಿದ್ವಿ. ಬಾಳವ್ವತ್ತಿ ಇಲ್ಲ. ಸುಂದ್ರವ್ವ ಅಂತಾಳ, ‘ನೀ ಆಕಿನ್ನ ಕರಕೊಂಡ ಬರ್ತಿ ಅಂತ ನಾ ಬಿಟ್ಟ ಬಂದ್ನಿ.’ ನಾ ಅಂತೇನಿ, ‘ಆಕಿ ಬರ್ತೇನಿ ಅಂದ್ಲು.’ ನಿಮ್ಮಜ್ಜ ಇಳದ ಓಡಿದ, ಎದಿಮಟಾ ನೀರಾಗ ಅಗಸಿತನಕಾ ಹೋದ, ಸೆಳವಿಗೆ ನಿಲ್ಲಾಕ ಆಗದ ಒಂದ ಕಂಬಾ ಹಿಡಕೊಂಡ ನಿಂತಬಿಟ್ಟ, ಸೆಳವ ಇಳದ ಮ್ಯಾಲ ತಿರಗಿ ಬಂದ. ನಮಗ ಮ್ಯಾಲಿಂದ ಕಾಣತಿತ್ತು. ಮೊದ್ಲ ಬಾಳವ್ವತ್ತಿ ಹಿತ್ತಲ ಇಳೀತು, ಆ ಬಿರಕಿನ ಗುಂಟ, ಕತ್ತರಿಸಿ ಇಟ್ಟಂಗ. ಆಮ್ಯಾಲ ಮನಿ. ಬಿದ್ದಂಗ ಅಲ್ಲ, ಕುಂತಂಗ. ಹಂಚ ಒಂದೊಂದ ನೀರಿಗೆ ಜಾರಿದ್ವು. ಯಾರೂ ಅಳಲಿಲ್ಲ ಆಗ. ಆಕಿ ಕೈಯಾಗ ಹುಟ್ಟಿದ ಮಂದೀನ ಅಲ್ಲಿ ಅರ್ಧಕ್ಕರ್ಧ ಕುಂತಿದ್ರು. ಮೂರನೇ ದಿನಕ್ಕ ಕೆಳಗಿನ ತ್ವಾಟದಾಗ ಸಿಕ್ಕಳು. ಸೆರಗಿನ್ಯಾಗ ಹಳೇ ಕತ್ತರಿ, ದಾರದ ಉಂಡಿ ಕಟಗೊಂಡಿದ್ಲು, ಹೊಕ್ಕಳ ಬಳ್ಳಿ ಕೊಯ್ಯೂ ಕತ್ತರಿ. ಅದನ್ನ ಹುಡಕಾಕ ನಿಂತಿದ್ಲು ಅಂತ ಕಾಣ್ತೈತಿ. ಕೇರ್ಯಾಗ ಒಬ್ಬಾಕಿ ದಿನಾ ತುಂಬಿದಾಕಿ ಇದ್ಲು. ಬುದ್ಧಂ ಶರಣಂ ಅಂತ ತ್ರಿಶರಣ ಹೇಳಿ ಮಣ್ಣ ಮಾಡಿದ್ವಿ. ಆಕಿನ್ನ ಮುಚ್ಚಾಕ ಒಣ ಮಣ್ಣ ಸಿಗಲಿಲ್ಲ ಸುತ್ತಮುತ್ತ.

ಎರಡನೇ ದಿನಾನ ಸಾವಕಾರ್ರು ಅನ್ನದ ಡಬರಿ ತಗೊಂಡ ಬಂದಿದ್ರು ಭಟ್ಟಿಗೆ. ಕಣ್ಣಾಗ ನೀರಿತ್ತು, ಸುಳ್ಳ ನೀರಲ್ಲ. ‘ಏನ ಮಾಡೂದ ಕಮಲವ್ವ, ದೈವ’ ಅಂದ್ರು. ನಾ ಅಂದ್ನಿ, ‘ದೈವ ಬುಟ್ಟಿ ಹೊತ್ತಿಲ್ರಿ ಸಾವಕಾರ್ರ. ನಾವು ಹೊತ್ತೇವಿ, ನೀವು ಹೊರಿಸೀರಿ.’ ಅನ್ನಾ ಮಕ್ಕಳಿಗೆ ಉಣಸಿದ್ವಿ, ಇಲ್ಲಾ ಅನ್ನಲಿಲ್ಲ. ನಾವು ಉಣಲಿಲ್ಲ.

ನೀರ ಇಳದ ಮ್ಯಾಲ ತಲಾಟಿ ಬಂದ, ಆಗ ಬಂದ. ಪಂಚನಾಮಾದಾಗ ಏನ ಬರದ ಗೊತ್ತೇನ? ಇವರು ಹೊಳಿಗೆ ಹತ್ತಿ ಮನಿ ಕಟ್ಟಿದ್ರು, ಹಿಂಗಾಗಿ ಪರಿಹಾರ ಕೊಡಾಕ ಬರೂದಿಲ್ಲ ಅಂತ. ಸುಜಾತಾ ಓದಿ ಹೇಳಿದ್ಲು. ಸುಂದ್ರವ್ವ ಎದ್ದ ಹೋಗಿ ಬುಟ್ಟ್ಯಾಗ ಇಟ್ಟಂಗಿ ತುಂಬಾಕ ಹತ್ತಿದ್ಲು. ನಾನೂ ತುಂಬಿದ್ನಿ. ನೋಡಿ ನೋಡಿ ಎಲ್ಲಾರೂ ತುಂಬಿದ್ರು. ಮರುದಿನ ಮೊದಲ ಬಸ್ಸಿಗೆ ಹೋಗಿ, ಕಚೇರಿ ಮೆಟ್ಟಲ ಮ್ಯಾಲ ಬುಟ್ಟಿ ಇಳಿಸಿ ಕುಂತ್ವಿ. ದೊಡ್ಡ ಸಾಹೇಬ್ರು ಹೊರಗ ಬಂದ್ರು. ‘ಏನಿದು?’ ಅಂದ್ರು. ‘ನಿಮ್ಮ ನಕಾಶೆದಾಗ ದಂಡಿ ಐತಂತಲ್ರಿ ಸಾಹೇಬ್ರ, ಹುಡಕಿ ತಂದೇವಿ. ಇಲ್ಲೈತಿ ನೋಡ್ರಿ. ಇನ್ನ ಉಳದದ್ದು ಊರ ತುಂಬ ಗ್ವಾಡ್ಯಾಗ ಐತ್ರಿ’ ಅಂದ್ಲು ಸುಂದ್ರವ್ವ. ಸಾಹೇಬ್ರು ಒಂದ ಇಟ್ಟಂಗಿ ಕೈಯಾಗ ತಗೊಂಡ ನೋಡಿ, ತಿರಗಿ ಬುಟ್ಟ್ಯಾಗ ಇಟ್ಟ ಒಳಗ ಹೋದ್ರು. ಅವತ್ತ ಏನೂ ಆಗಲಿಲ್ಲ. ಆ ಮೆಟ್ಟಲ ನಾವು ಎಷ್ಟ ಸಲಾ ಹತ್ತೇವಿ ಅಂತೀರಿ. ಎರಡ ಮಳಿಗಾಲ ಹೋದ ಮ್ಯಾಲ ಈ ಪ್ಲಾಟ ಕೊಟ್ರು. ಕಲ್ಲ ನೆಲ, ಬೋರ ಹೊಡದ್ರ ಧೂಳ ಬಂತು, ಇವತ್ತಿಗೂ ಟ್ಯಾಂಕರ ದಾರಿ ಕಾಯ್ತೇವಿ. ಭಟ್ಟಿ ನಿಂತಿತು ನಮ್ಮೂರಾಗ. ಅಷ್ಟ ಗೆದ್ದೇವಿ, ಭಾಳ ಗೆದ್ದೇವಿ ಅಂತ ಹೇಳೂದಿಲ್ಲ.

ಯಾಕಂದ್ರ ಮೊನ್ನಿ ಕಣಗಲಾದಾಗ ಲಗ್ನಕ್ಕ ಹೋಗಿ ಬರೂ ಮುಂದ ಬಸ್ಸಿನ ಕಿಡಕ್ಯಾಗಿಂದ ನೋಡಿದ್ನಿ. ಬ್ಯಾರೆ ಊರು, ಬ್ಯಾರೆ ಹಳ್ಳ, ಅದ ಕೆಂಪ ಮಣ್ಣ, ಹೆಣಮಕ್ಕಳು ಸಾಲ ಹಿಡದ ಬುಟ್ಟಿ ಹೊರಾಕತ್ತಾರ, ಹಿಂದ ಅವರ ಕೇರಿ. ಅಲ್ಲೇ ಇಳದ್ನಿ. ನನ್ನ ಕೂಡ ಬಂದಿದ್ದ ನಿಮ್ಮವ್ವ ಬೈದ್ಲು, ಮುಂದಿನ ಬಸ್ಸ ಸಂಜೀಗೆ ಅಂತ. ಸಾಲಿನ ಮುಂದ ನಡದಾಕಿಗೆ ಕೇಳಿದ್ನಿ, ‘ತಂಗಿ, ನಿಮ್ಮ ಒಲಿ ಬೂದಿ ಮುಂಜಾನಿ ಹಸಿ ಇರತೈತೇನ?’ ಆಕಿ ಬುಟ್ಟಿ ಇಳಿಸಲಿಲ್ಲ, ನಿಂತ್ಲು ಅಷ್ಟ. ಮಾರಿ ಬಿಳಿ ಬಿದ್ದಂಗ ಆತು. ಆಮ್ಯಾಲ ‘ಇಷ್ಟ ಮಣ್ಣ ಎಲ್ಲಿ ತೀರತೈತಿ ಬಿಡಬೇ ಯಮ್ಮಾ’ ಅಂತಂದ ಹೋದ್ಲು. ನಾ ನಾಳಿ ಮತ್ತ ಹೋಗಾಕೀ ಅದೇನಿ. ಸುಂದ್ರವ್ವನೂ ಬರ್ತಾಳ, ಮೊಣಕಾಲ ನೋಯ್ತಾವು ಅಂತ ಬೈಕೋಂತ. ಕೇಳ್ತಾರೋ ಬಿಡ್ತಾರೋ ಅದು ಅವರದು. ಹಸಿದಾವ್ರಿಗೆ ಒಮ್ಮಿ ಹೇಳಿದ್ರ ಕೇಳಸೂದಿಲ್ಲ, ನನಗೂ ಕೇಳಸಿರಲಿಲ್ಲ. ಕಂಡಾವ್ರು ಬಾಯಿ ಮುಚ್ಚಬಾರದು, ಮಾತ ಬಿಟ್ಟ ಗೆಳತಿ ಬಾಗಲಾನೂ ಬಡೀಬೇಕು. ಮತ್ತ ಯಾರರ ಒಳಗಿಂದ ‘ನಡಿ, ಬಂದ್ನಿ’ ಅಂದ್ರ ನಂಬಬ್ಯಾಡ್ರಿ, ಒಳಗ ಹೋಗಿ ಕೈ ಹಿಡದ ಕರಕೊಂಡ ಬರ್ರಿ.